ನುನಾವುಟ್ ಹಿಮನದಿ ನಿಕ್ಷೇಪದ ನಕ್ಷೆ: ಎಸ್ಕರ್, ಹಳೇ ಸಮುದ್ರದಂಡಿ ಎರಡೂ ಒಂದೇ ಕ್ಲಾಸಿಗೆ ಬೀಳಾಕತ್ತಾವ

ಉಣಕಲ್ ದಂಡಿ, ಹುಬ್ಬಳ್ಳಿ

ನಮಸ್ಕಾರ ರೀ ಎಲ್ಲಾರಿಗೂ. ಕೆನಡಾದ ನುನಾವುಟ್‌ದಾಗ ಬೇಕರ್ ಲೇಕ್ ಅನ್ನೋ ಊರಿನ ಸುತ್ತ 60 × 60 ಕಿ.ಮೀ. ಬ್ಲಾಕಿಂದು ಸರ್ಫಿಶಿಯಲ್ ಜಿಯಾಲಜಿ (ಬಂಡೆ ಮ್ಯಾಲಿನ ಮಣ್ಣು-ಗರಸಿನ ಪದರು) ನಕ್ಷೆ ಮಾಡೋ ಕೆಲಸ ಐತಿ. ಸ್ಕೇಲ್ 1:1,00,000. ಫೀಲ್ಡಿಗೆ ಯಾರೂ ಹೋಗೂದಿಲ್ಲ, ಎಲ್ಲಾ ಹುಬ್ಬಳ್ಳ್ಯಾಗ ಕುಂತು ಸ್ಯಾಟಲೈಟ್ ಚಿತ್ರದ ಮ್ಯಾಲೇ ಆಗಬೇಕು. ಕೇಳಿದ ಕ್ಲಾಸು ಏಳು: ದಪ್ಪ ಟಿಲ್ (ಟಿಲ್ ಅಂದ್ರ ಹಿಮನದಿ ನೇರ ಬಿಟ್ಟುಹೋದ ಮಣ್ಣು-ಕಲ್ಲಿನ ಮಿಶ್ರಣ), ತೆಳು ಟಿಲ್, ದಿಬ್ಬದಿಬ್ಬದ ಟಿಲ್, ಹಿಮ ಕರಗಿದ ನೀರು ಬಿಟ್ಟುಹೋದ ಉಸುಕು-ಗರಸು, ಹಳೇ ಸಮುದ್ರದ ನಿಕ್ಷೇಪ, ಜೌಗು, ಬಂಡೆ.

ಇಲ್ಲೀತನಕ ಮಾಡಿದ್ದು: ಸೆಂಟಿನೆಲ್-2 ಉಪಗ್ರಹದ ಎಲ್2ಎ (ವಾತಾವರಣದ ಪರಿಣಾಮ ತಗದ) ಚಿತ್ರ, 2021ರ ಆಗಸ್ಟಿನವು ಒಂದಿಷ್ಟು, 2023ರ ಆಗಸ್ಟಿನವು ಒಂದಿಷ್ಟು. ಮೋಡ ಇಲ್ಲದ್ದನ್ನ ಆರಿಸಿ ಮೊಸಾಯಿಕ್. ಹತ್ತು ಬ್ಯಾಂಡು, ಎಲ್ಲಾ 10 ಮೀಟರಿಗೆ ರಿಸ್ಯಾಂಪಲ್. ರ‍್ಯಾಂಡಮ್ ಫಾರೆಸ್ಟ್ (ಭಾಳಷ್ಟು ನಿರ್ಣಯ ಮರಗಳ ಮತದಿಂದ ಕ್ಲಾಸು ಆರಿಸೋ ವಿಧಾನ), 500 ಮರ. ಟ್ರೇನಿಂಗ್ ಪಾಯಿಂಟು 1:2,50,000ರ ಹಳೇ ನಕ್ಷೆಯಿಂದ, ಶೇ. 70 ಕಲಸಾಕ, ಶೇ. 30 ಪರೀಕ್ಷೆಗೆ. ನಿಖರತೆ ಶೇ. 91 ತೋರಸ್ತೈತಿ, ಆದ್ರ ನಕ್ಷೆ ಕಣ್ಣಿಗೆ ಸರಿ ಕಾಣವಲ್ದು.

ಎಸ್ಕರ್ (ಹಿಮದಡಿ ಹರದ ನೀರು ಕಟ್ಟಿದ ಉದ್ದನ ಉಸುಕು-ಗರಸಿನ ಏಣು) ಮತ್ತ ಹಳೇ ಸಮುದ್ರದಂಡಿ ಎರಡೂ ಒಂದೇ ಕ್ಲಾಸಿಗೆ ಬೀಳ್ತಾವ. ಬಂಡೆ ಯಾವ್ದು, ಗುಂಡುಕಲ್ಲು ತುಂಬಿದ ಟಿಲ್ ಯಾವ್ದು ಅಂತ ಬ್ಯಾರೆ ಆಗವಲ್ದು. ಹಿಲ್‌ಶೇಡ್ (ನೆಲದ ಎತ್ತರದ ಮ್ಯಾಲೆ ಬೆಳಕು-ನೆರಳು ಹಾಕಿದ ಚಿತ್ರ) ಯುಟಿಎಂ ಅನ್ನೋ ನಕ್ಷೆ ಗ್ರಿಡ್ಡಿನ 14ನೇ ವಲಯದಾಗ ತಗದೇನಿ, ಹಳೇ ನಕ್ಷೆದಾಗ ಸಾಲುಸಾಲು ಡ್ರಮ್ಲಿನ್ (ಹಿಮ ಹರದ ದಿಕ್ಕಿಗೆ ಉದ್ದಾದ ಟಿಲ್ ದಿಬ್ಬ) ತೋರಿಸಿದ ಜಾಗಾ ಸಪಾಟ ಕಾಣಸ್ತೈತಿ. ಮತ್ತ ನಕ್ಷೆ ನಡುವ ಉತ್ತರ-ದಕ್ಷಿಣ ಒಂದು ನೇರ ಗೆರಿ: ಅದರ ಎಡಕ್ಕೊಂದು ಕ್ಲಾಸು, ಬಲಕ್ಕೊಂದು ಕ್ಲಾಸು. ಎಲ್ಲಿಂದ ಸರಿ ಮಾಡಬೇಕು?

ಮಾಳಮಡ್ಡಿ, ಧಾರವಾಡ

ಶೇ. 91 ನೋಡಿ ಹಿಗ್ಗಬ್ಯಾಡ್ರಿ, ಅದರ ಬಗ್ಗೆ ಯಾರರ ಬರೀತಾರ. ನಾ ಡೆಮ್ (ನೆಲದ ಎತ್ತರದ ಡಿಜಿಟಲ್ ಮಾದರಿ) ವಿಷಯ ಅಷ್ಟ ಹೇಳ್ತೀನಿ.

ಬಣ್ಣದಿಂದ ಸುರು ಮಾಡಿದ್ದ ತಪ್ಪು ದಾರಿ. ನಮ್ಮ ಕಡೆ ಸುಗ್ಗಿ ಮುಗಿದ ಮ್ಯಾಲೆ ಹೊಲ ಬರೇ ಮಣ್ಣಾಗಿ ಬಿದ್ದಿರ್ತಾವ, ಎರಿ ಯಾವುದು ಮಸಾರಿ ಯಾವುದು ಅಂತ ಬ್ಯಾಂಡಿನ ಮ್ಯಾಲೇ ಹೇಳಬಹುದು. ಟುಂಡ್ರಾದಾಗ ಆ ಸವಲತ್ತು ಇಲ್ಲ. ಅಲ್ಲಿ ಸೆನ್ಸರಿಗೆ ಕಾಣೂದು ಕಲ್ಲುಹೂ, ಪಾಚಿ, ಕುಳ್ಳ ಗಿಡ, ಹಸಿ. ಅಡಿಗಿರೋ ನಿಕ್ಷೇಪ ಯಾವುದು ಅಂತ ಹೇಳೂದು ನೆಲದ ಆಕಾರ. ಅದಕ್ಕ ಮೊದಲ ಆಕಾರ ಕೈಲೆ ಬಿಡಿಸ್ರಿ, ಆಮ್ಯಾಲೆ ಕ್ಲಾಸಿಫಿಕೇಶನ್.

ಡೆಮ್ ಬೇಕಂದ್ರ ಮಿನೆಸೋಟಾ ವಿಶ್ವವಿದ್ಯಾಲಯದ ಪೋಲಾರ್ ಜಿಯೋಸ್ಪೇಷಿಯಲ್ ಸೆಂಟರಿನವರು ಪುಕ್ಕಟೆ ಕೊಡೋ ಆರ್ಕ್‌ಟಿಕ್‌ಡೆಮ್ ತಗೋರಿ. 60 ಡಿಗ್ರಿ ಉತ್ತರದಿಂದ ಮ್ಯಾಲಿನ ನೆಲ ಎಲ್ಲಾ ಅದರಾಗ ಅದ. 2 ಮೀಟರಿಂದೂ ಸಿಗ್ತದ, 10 ಮೀಟರಿಂದೂ ಸಿಗ್ತದ. ನಿಮ್ಮ ಬ್ಲಾಕಿಗೆ 2 ಮೀಟರ್ ಅಂದ್ರ 30,000 × 30,000, ಅಂದ್ರ 90 ಕೋಟಿ ಪಿಕ್ಸೆಲ್, 32 ಬಿಟ್ಟಿನಾಗ 3.6 ಜಿಬಿ. ಒಂದ ಸಲ ತೆರದು ಇಡಬಹುದು, ಆದ್ರ ಪ್ರತಿ ಲೆಕ್ಕಕ್ಕೂ ಅದನ್ನ ಎಳದಾಡೂದು ಬ್ಯಾಡ. 10 ಮೀಟರಿಂದು 144 ಎಂಬಿ, ನಿಮ್ಮ ಸ್ಕೇಲಿಗೆ ಅದ ಸಾಕು. ಸಣ್ಣ ಎಸ್ಕರ್, ದಂಡಿ ಸಾಲು, ಬಂಡೆ ಸೀಳು ನೋಡೂದಿದ್ದಲ್ಲಿ ಅಷ್ಟ 2 ಮೀಟರಿಗೆ ಹೋಗ್ರಿ.

ಡ್ರಮ್ಲಿನ್ ಮಾಯ ಆಗಿದ್ದಕ್ಕ ಕಾರಣ ಬೆಳಕಿನ ದಿಕ್ಕು. ಸಾಫ್ಟ್‌ವೇರ್ ತಾನಾಗಿ 315 ಡಿಗ್ರಿ, ಅಂದ್ರ ವಾಯವ್ಯದಿಂದ ಬೆಳಕು ಹಾಕ್ತದ. ಕೀವಾಟಿನ್ ಹಿಮ ವಿಭಜಕದ (ಹಳೇ ಹಿಮಹಾಸು ಎರಡೂ ಕಡೆ ಇಬ್ಭಾಗಾಗಿ ಹರದ ನಡುಗೆರಿ) ಪಶ್ಚಿಮಕ್ಕ ಹಿಮ ಮುಖ್ಯವಾಗಿ ವಾಯವ್ಯದ ಕಡೆ ಸರದದ, ಪೂರ್ವಕ್ಕ ಆಗ್ನೇಯ, ಹಡ್ಸನ್ ಕೊಲ್ಲಿ ಕಡೆ. ಎರಡೂ ಕಡೆ ಬೆಳಕು ಡ್ರಮ್ಲಿನ್ನಿನ ಉದ್ದಕ್ಕ ಹಾಯ್ದು ಹೋಗ್ತದ, ನೆರಳು ಬೀಳೂದಿಲ್ಲ. 45 ಡಿಗ್ರಿ ಕೊಡ್ರಿ, ಬೆಳಕಿನ ಎತ್ತರ 30 ಡಿಗ್ರಿ, ಝಡ್ ಫ್ಯಾಕ್ಟರ್ (ಎತ್ತರ ಎಷ್ಟು ಪಟ್ಟು ಹಿಗ್ಗಿಸೂದು) 3ರಿಂದ 5. ಡ್ರಮ್ಲಿನ್ ಹತ್ತಿಪ್ಪತ್ತು ಮೀಟರಿಗಿಂತ ಎತ್ತರ ಇರೂದು ಕಡಿಮಿ, ಹಿಗ್ಗಿಸಲಿಲ್ಲ ಅಂದ್ರ ಕಾಣೂದಿಲ್ಲ. 225 ಕೊಟ್ಟರೂ ನೆರಳೇನೋ ಬೀಳ್ತದ, ಆದ್ರ ದಕ್ಷಿಣದ ಬೆಳಕಿಗೆ ಕಣ್ಣು ಮೋಸ ಹೋಗಿ ದಿಬ್ಬ ತಗ್ಗಾಗಿ, ತಗ್ಗು ದಿಬ್ಬಾಗಿ ಕಾಣ್ತದ. 45ರ ಜೋಡಿ 0 ಮತ್ತ 90ರವು ಎರಡು ಪದರ ತಗದು ಅದಲಿ ಬದಲಿ ನೋಡ್ರಿ. ವಿಭಜಕ ಒಂದ ಜಾಗಾದಾಗ ನಿಂತಿಲ್ಲ, ಕಾಲಕ್ಕ ಸರದದ, ಹಂಗಾಗಿ ಒಂದರ ಮ್ಯಾಲೊಂದು ಎರಡು ಮೂರು ದಿಕ್ಕಿನ ಗೆರಿ ಸಿಗ್ತಾವ. ಎಲ್ಲಾ ಒಂದ ಪದರಿನಾಗ ತುಂಬಬ್ಯಾಡ್ರಿ. ದಿಕ್ಕಿಗೊಂದು ಪದರ, ಯಾವುದು ಯಾವುದನ್ನ ಕಡದದ ಅನ್ನೋದಕ್ಕ ಒಂದು ಕಾಲಮ್ಮು.

ಎಸ್ಕರ್ ಪಾಲಿಗಾನ್ ಮಾಡಬೇಕು ಅನ್ನೋ ಹಟ ಬಿಡ್ರಿ. 1:1,00,000ದಾಗ 2 ಮಿ.ಮೀ. ಅಂದ್ರ ನೆಲದ ಮ್ಯಾಲೆ 200 ಮೀಟರ್. ಅದಕ್ಕಿಂತ ಸಣ್ಣ ಏಣು ಇದ್ರ ಗೆರಿ ಚಿಹ್ನೆ ಹಾಕೂದ ರೂಢಿ. ನೆತ್ತಿ ಮ್ಯಾಲೆ ಗೆರಿ ಎಳದು, ನೀರು ಹರದ ದಿಕ್ಕು ಗೊತ್ತಾದ್ರ ಬಾಣ ಹಾಕ್ರಿ. ನಿಮ್ಮ ಮೊದಲನೇ ತಕರಾರಿನಾಗ ಅರ್ಧ ಅಲ್ಲೇ ಮುಗೀತದ.

ಸರೋವರ ಕತ್ತರಿಸದ ಇಳಿಜಾರಿನ ಲೆಕ್ಕ ಮಾಡಬ್ಯಾಡ್ರಿ. ನೀರಿನ ಮ್ಯಾಲೆ ಸ್ಟೀರಿಯೋ ಜೋಡಿ (ಎರಡು ಕೋನದಿಂದ ತಗದ ಚಿತ್ರ) ಹೊಂದೂದಿಲ್ಲ, ಡೆಮ್ಮಿನಾಗ ಅಲ್ಲಿ ಮುಳ್ಳುಮುಳ್ಳು ಎತ್ತರ ಬರ್ತದ, ದಿಬ್ಬದಿಬ್ಬದ ಟಿಲ್ ಅಂತ ತಪ್ಪು ತಿಳೀತದ ಮಷೀನು.

ಕಪ್ಪತಗುಡ್ಡ, ಗದಗ

ಆ ನೇರ ಗೆರೆಯ ಬಗ್ಗೆ. ಬೇಕರ್ ಲೇಕ್ ಊರು ಇರುವುದು ಹೆಚ್ಚುಕಡಿಮೆ 96 ಡಿಗ್ರಿ ಪಶ್ಚಿಮ ರೇಖಾಂಶದ ಮೇಲೆಯೇ. ಯುಟಿಎಂ 14 ಮತ್ತು 15ನೇ ವಲಯಗಳ ಗಡಿ ಅದು. ಸೆಂಟಿನೆಲ್ ಟೈಲುಗಳು ವಲಯದ ಲೆಕ್ಕದಲ್ಲಿ ಬರುತ್ತವೆ. ಎಡಗಡೆಯವು 2021ರಿಂದ, ಬಲಗಡೆಯವು 2023ರಿಂದ ಆರಿಸಿದ್ದರೆ ಗೆರೆ ಅಲ್ಲಿಯೇ ಏಳುತ್ತದೆ. ಆದರೆ ತಪ್ಪು ವಲಯದ್ದಲ್ಲ, ಪಿಕ್ಸೆಲ್ ಮೌಲ್ಯದ್ದು. 2022ರ ಜನವರಿ 25ರಿಂದ ಸೆಂಟಿನೆಲ್-2 ಸಂಸ್ಕರಣೆಯ ಬೇಸ್‌ಲೈನ್ 04.00 (ಅಂದರೆ ಹೊಸ ಆವೃತ್ತಿ) ಜಾರಿಗೆ ಬಂತು. ಅಲ್ಲಿಂದ ಪ್ರತಿ ಬ್ಯಾಂಡಿನ ಮೌಲ್ಯಕ್ಕೆ 1000 ಸೇರಿರುತ್ತದೆ, ನಾವು ಕಳೆದುಕೊಳ್ಳಬೇಕು. ಕಳೆಯದಿದ್ದರೆ ಏನಾಗುತ್ತದೆ ನೋಡಿ: ಕೆಂಪು ಬ್ಯಾಂಡಿನಲ್ಲಿ 1000, ಸಮೀಪದ ಅವಕೆಂಪಿನಲ್ಲಿ 2000 ಇರುವ ಜಾಗಕ್ಕೆ ಎನ್‌ಡಿವಿಐ (ಗಿಡದ ಹಸಿರಿನ ಸೂಚ್ಯಂಕ) 0.33. ಎರಡಕ್ಕೂ ಸಾವಿರ ಸೇರಿ 2000, 3000 ಆದರೆ ಅದೇ ಜಾಗಕ್ಕೆ 0.20. ಅಷ್ಟು ಸಾಕು, ಗಿಡ ಹಬ್ಬಿದ ಟಿಲ್ ಹೋಗಿ ಒಣ ಗರಸಾಗುತ್ತದೆ.

ತಾರೀಖು ನೋಡಿ ತೀರ್ಮಾನ ಮಾಡಬೇಡಿ. ಹಳೆಯ ಚಿತ್ರಗಳನ್ನೂ ಹೊಸ ಬೇಸ್‌ಲೈನಿನಲ್ಲಿ ಮರುಸಂಸ್ಕರಿಸಿ ಇಟ್ಟಿದ್ದಾರೆ. ಫೈಲಿನ ಹೆಸರಿನಲ್ಲಿ ಎನ್ ಅಕ್ಷರದ ಮುಂದಿನ ನಾಲ್ಕು ಅಂಕೆ 0400 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1000 ಕಳೆಯಿರಿ. ಗೂಗಲ್ ಅರ್ತ್ ಎಂಜಿನ್ ಬಳಸುವವರು ಹಾರ್ಮೊನೈಸ್ಡ್ ಸಂಗ್ರಹವನ್ನೇ ತೆಗೆದುಕೊಂಡರೆ ಈ ತಾಪತ್ರಯವಿಲ್ಲ.

ತಿಂಗಳ ಆಯ್ಕೆ ಸರಿಯಾಗಿದೆ. ಜುಲೈ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಮಾತ್ರ ನೆಲ ನಂಬುವ ಹಾಗಿರುತ್ತದೆ. ಆಗಸ್ಟ್ 10ರ ಸುಮಾರಿಗೆ ಅಲ್ಲಿ ಮಧ್ಯಾಹ್ನದ ಸೂರ್ಯ 41 ಡಿಗ್ರಿ ಎತ್ತರದಲ್ಲಿರುತ್ತಾನೆ, ಸೆಪ್ಟೆಂಬರ್ ನಡುವಿಗೆ 29ಕ್ಕೆ ಇಳಿಯುತ್ತಾನೆ. ಏಣುಗಳ ಉತ್ತರದ ಬದಿ ಆಗ ಕಪ್ಪಾಗಿ, ನೀರಿನ ಕ್ಲಾಸಿಗೆ ಹೋಗುತ್ತದೆ. ಜುಲೈ ಚಿತ್ರದಲ್ಲಿ ಇನ್ನೊಂದು ಕಾಟ: ಎಸ್ಕರಿನ ಮರೆಯಲ್ಲಿ ಹಿಮದ ರಾಶಿ ತಡವಾಗಿ ಕರಗುತ್ತದೆ. ಕರಗಿದ ಮೇಲೂ ಅಲ್ಲಿ ಗಿಡ ಸರಿಯಾಗಿ ಏಳುವುದಿಲ್ಲ, ಬೋಳು ಉಸುಕಿನಂತೆ ತೋರುತ್ತದೆ.

ಈಗ ಎಸ್ಕರ್ ಮತ್ತು ಹಳೆಯ ಸಮುದ್ರದಂಡೆ. ಎರಡೂ ನೀರು ನಿಲ್ಲದ ಒಣ ಉಸುಕು-ಗರಸು. ಪ್ರತಿಫಲನ ಒಂದೇ, ಇನ್ನೆಷ್ಟು ಬ್ಯಾಂಡು ಸೇರಿಸಿದರೂ ಬೇರೆಯಾಗುವುದಿಲ್ಲ. ಕ್ಲಾಸಿಫೈಯರಿಗೆ ಆ ಪ್ರಶ್ನೆ ಕೇಳಲೇಬೇಡಿ. "ಒಣ ಉಸುಕು-ಗರಸು" ಎಂದು ಒಂದೇ ಕ್ಲಾಸು ಮಾಡಿ, ಆಮೇಲೆ ಆಕಾರದಿಂದ ಒಡೆಯಿರಿ. ಎಸ್ಕರ್ ನಮ್ಮ ಕೆರೆ ಏರಿಯ ಹಾಗೆ ಎದ್ದು ನಿಂತ ಏಣು, ಆದರೆ ಅಂಕುಡೊಂಕಾಗಿ ಹಲವು ಕಿಲೋಮೀಟರ್ ಸಾಗುತ್ತದೆ. ಹಿಮದಡಿಯ ಸುರಂಗದಲ್ಲಿ ಒತ್ತಡದಿಂದ ಹರಿದ ನೀರು ಕಟ್ಟಿದ್ದು ಅದು. ಆದ್ದರಿಂದ ಕಂಟೂರನ್ನು ಲೆಕ್ಕಿಸುವುದಿಲ್ಲ, ಏರು ಹತ್ತುತ್ತದೆ, ತಗ್ಗು ಇಳಿಯುತ್ತದೆ. ಸಮುದ್ರದಂಡೆ ಕಂಟೂರನ್ನು ಬಿಟ್ಟು ಕದಲುವುದಿಲ್ಲ, ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಂದರ ಕೆಳಗೊಂದು ಸಾಲು. ಪಾಲಿಗಾನಿನ ನಡುಗೆರೆ ತೆಗೆದು ಅದರುದ್ದಕ್ಕೂ ಡೆಮ್ ಎತ್ತರ ಓದಿಸಿ. ಎರಡು ಕಿಲೋಮೀಟರ್ ಉದ್ದಕ್ಕೆ ಎತ್ತರ ಒಂದೆರಡು ಮೀಟರಿನೊಳಗೇ ಇದ್ದರೆ ದಂಡೆ, ಹತ್ತಾರು ಮೀಟರ್ ಏರಿಳಿದರೆ ಎಸ್ಕರ್. ನಡುವಿನವನ್ನು ಕಣ್ಣಲ್ಲೇ ನೋಡಬೇಕು. ಹಳೆಯ ಸಮುದ್ರದ ಮಟ್ಟಕ್ಕಿಂತ ಕೆಳಗಿನ ಎಸ್ಕರನ್ನು ಅಲೆಗಳು ಸವೆಸಿ, ಅದರ ಮಗ್ಗುಲಿಗೇ ದಂಡೆ ಕಟ್ಟಿರುತ್ತವೆ. ಅಂಥಲ್ಲಿ ಪಾಲಿಗಾನ್ ಸಮುದ್ರದ್ದು, ಮೇಲೆ ಎಸ್ಕರ್ ಗೆರೆ. ಎರಡೂ ಇರಲಿ.

ಹಿಮದ ಭಾರ ಹೋದ ಮೇಲೆ ಹಡ್ಸನ್ ಕೊಲ್ಲಿಯ ಸುತ್ತಲಿನ ನೆಲ ಏಳುತ್ತಲೇ ಇದೆ, ಈಗಲೂ ವರ್ಷಕ್ಕೆ ಸುಮಾರು 1 ಸೆಂ.ಮೀ. ಹಿಮ ಕರಗಿದಾಗ ಒಳನುಗ್ಗಿದ ಟಿರೆಲ್ ಸಮುದ್ರದ ದಂಡೆಗಳು ಇಂದು ಒಳನಾಡಿನಲ್ಲಿ ಎತ್ತರದಲ್ಲಿ ಸಿಗುವುದು ಅದಕ್ಕೇ. 1893 ಮತ್ತು 1894ರಲ್ಲಿ ಡುಬಾಂಟ್, ಕಝಾನ್ ನದಿಗಳ ದಾರಿಯಲ್ಲಿ ದೋಣಿಯಲ್ಲಿ ಸುತ್ತಿದ ಭೂವಿಜ್ಞಾನಿ ಜೋಸೆಫ್ ಬರ್ ಟಿರೆಲ್ ಹೆಸರು ಅದು. ನೆಲ ಎಲ್ಲ ಕಡೆ ಒಂದೇ ಸಮ ಎದ್ದಿಲ್ಲ, ಹಾಗಾಗಿ ಸಮುದ್ರ ತಲುಪಿದ ಗರಿಷ್ಠ ಮಟ್ಟ ಬ್ಲಾಕಿನ ಈ ತುದಿಯಿಂದ ಆ ತುದಿಗೆ ಬದಲಾಗುತ್ತದೆ. ಒಂದೇ ಕಂಟೂರ್ ಎಳೆದು ಇದರ ಕೆಳಗೆಲ್ಲ ಸಮುದ್ರ ಎನ್ನಬೇಡಿ. ಅತಿ ಎತ್ತರದ ದಂಡೆ, ಅಲೆ ತೊಳೆಯದ ಟಿಲ್ಲಿನ ಕೆಳ ಅಂಚು, ಇವೆರಡನ್ನೂ ಹತ್ತಾರು ಕಡೆ ಗುರುತಿಸಿ ನಡುವೆ ಮೇಲ್ಮೈ ಹಾಯಿಸಿ.

ಆರ್ಕ್‌ಟಿಕ್‌ಡೆಮ್ ಎತ್ತರ ಸಮುದ್ರಮಟ್ಟದಿಂದ ಅಳೆದದ್ದಲ್ಲ, ಎಲಿಪ್ಸಾಯ್ಡಿನಿಂದ (ಭೂಮಿಗೆ ಗಣಿತ ಕೊಟ್ಟ ನಯವಾದ ಆಕಾರ) ಅಳೆದದ್ದು. ಆ ಭಾಗದಲ್ಲಿ ಜಿಯಾಯ್ಡ್ (ಸರಾಸರಿ ಸಮುದ್ರಮಟ್ಟದ ಮೇಲ್ಮೈ) ಎಲಿಪ್ಸಾಯ್ಡಿಗಿಂತ ಹತ್ತಾರು ಮೀಟರ್ ಕೆಳಗಿದೆ. ಹಳೆಯ ವರದಿಯ ದಂಡೆ ಎತ್ತರವನ್ನು ನೇರ ಡೆಮ್ ಮೇಲೆ ಹಾಕಿದರೆ ಗೆರೆ ತಪ್ಪು ಬೆಟ್ಟದ ಮೇಲೆ ಕೂರುತ್ತದೆ. ಕೆನಡಾದಲ್ಲಿ ಎತ್ತರ ಅಳೆಯುವ ಆಧಾರವಾದ ಸಿಜಿವಿಡಿ2013ಕ್ಕೆ ಪರಿವರ್ತಿಸಿಕೊಂಡು ಮುಂದೆ ಹೋಗಿ.

ಬ್ಯಾಡಗಿ ಡಬ್ಬಿ, ಹಾವೇರಿ

ಶೇ. 91 ಯಾಕ ಸುಳ್ಳು ಅಂದ್ರ, ಒಂದೇ ಪಾಲಿಗಾನಿನಾಗಿನ ಪಾಯಿಂಟು ಒಂದಿಷ್ಟು ಕಲಸಾಕ ಹೋಗ್ಯಾವ, ಪಕ್ಕದ್ದ ಪರೀಕ್ಷೆಗೆ ಬಂದಾವ. 10 ಮೀಟರ್ ಆಚೆ ಈಚೆ ಪಿಕ್ಸೆಲ್ ಒಂದೇ ತರ ಇರ್ತಾವ, ಪ್ರಶ್ನೆಪತ್ರಿಕೆ ಮೊದ್ಲೇ ಕೊಟ್ಟಂಗಾತು. ಬ್ಲಾಕನ್ನ 10 ಕಿ.ಮೀ. ಚೌಕ ಮಾಡ್ರಿ, 36 ಬರ್ತಾವ. ಇಡೀ ಚೌಕ ಕಲಿಕೆಗೆ ಇಲ್ಲಾ ಇಡೀ ಚೌಕ ಪರೀಕ್ಷೆಗೆ, ಅರ್ಧಂಬರ್ಧ ಬ್ಯಾಡ. ಪರೀಕ್ಷೆಗೆ ಕ್ಲಾಸಿಗೆ ಕಮ್ಮಿ ಅಂದ್ರೂ 50 ಪಾಯಿಂಟು. ನಿಖರತೆ ಭಾಳ ಇಳೀತೈತಿ, ಇಳೀಲಿ. ಕ್ಲಾಸು-ಕ್ಲಾಸಿನ ಗೊಂದಲದ ಕೋಷ್ಟಕ ನೋಡ್ರಿ, ಒಟ್ಟು ಅಂಕಿ ನೋಡಬ್ಯಾಡ್ರಿ. ಜೌಗು, ನೀರು ಯಾವಾಗ್ಲೂ ಸರಿ ಬರ್ತಾವ, ಅವು ಒಟ್ಟು ಅಂಕಿನ ಮ್ಯಾಲೆ ಎತ್ತತಾವ.

ಇನ್ನ ಟ್ರೇನಿಂಗ್ ನಕ್ಷೆ. ಹಳೇ ಕೆನಡಾ ನಕ್ಷೆ ನ್ಯಾಡ್27ರಾಗ (ಉತ್ತರ ಅಮೆರಿಕದ ಹಳೇ ನಿರ್ದೇಶಾಂಕ ಆಧಾರ, ನ್ಯಾಡ್83 ಅದರ ಹೊಸದು) ಇರ್ತಾವ. ಅದನ್ನ ನ್ಯಾಡ್83 ಅಂತ ತಿಳಕೊಂಡು ತೆರದ್ರ ಉತ್ತರ-ದಕ್ಷಿಣ 200 ಮೀಟರಿನ ಆಸುಪಾಸು ಸರೀತೈತಿ. ಸರೋವರದ ದಂಡಿ ಹೊಂದ್ತೈತೇನು ಅಂತ ನೋಡಿದ್ರ ಐದ ನಿಮಿಷದಾಗ ಗೊತ್ತಾಕೈತಿ. ಅದು ಸರಿ ಆದ್ರೂ 1:2,50,000ದಾಗ ಅರ್ಧ ಮಿ.ಮೀ. ಪೆನ್ನಿನ ಗೆರಿ ಅಂದ್ರ 125 ಮೀಟರ್, ನಿಮ್ಮ 12 ಪಿಕ್ಸೆಲ್. ಪಾಲಿಗಾನ್ ಅಂಚಿಂದ 250 ಮೀಟರ್ ಒಳಗ ಸರದು ಅಲ್ಲಿಂದ ಅಷ್ಟ ಪಾಯಿಂಟ್ ತಗೋರಿ. ಸಣ್ಣ ಪಾಲಿಗಾನ್ ಎಲ್ಲಾ ಹೊಕ್ಕಾವ, ಹೋಗ್ಲಿ, ಎಸ್ಕರ್-ದಂಡಿಗೆ ನೀವ ಕೈಲೆ ಬಿಡಿಸಿದ್ದ ಬಳಸ್ರಿ.

ಡೆಮ್ ಎತ್ತರನ್ನ ನೇರ ಫೀಚರ್ ಅಂತ ತುಂಬಬ್ಯಾಡ್ರಿ. ಮಷೀನು "80 ಮೀಟರಿನಾಗ ಇದ್ದದ್ದೆಲ್ಲಾ ಸಮುದ್ರದ್ದು" ಅಂತ ಜಾಗಾ ಬಾಯಿಪಾಠ ಮಾಡ್ತೈತಿ. ಇಳಿಜಾರು, ಒರಟುತನ, ಸುತ್ತಲಿನ ಸರಾಸರಿಗಿಂತ ಎಷ್ಟು ಮ್ಯಾಲೆ ಅನ್ನೋದು, ಇವು ಸಾಕು. 10 ಮೀಟರ್ ಡೆಮ್ಮಿನ ಮ್ಯಾಲೆ 11 × 11 ಕಿಟಕಿ ಒಂದು, 51 × 51 ಒಂದು. ಸಣ್ಣದ್ರಾಗ ಎಸ್ಕರ್ ಎದ್ದು ಬರ್ತೈತಿ, ದೊಡ್ಡದ್ರಾಗ ದಿಬ್ಬದಿಬ್ಬದ ಟಿಲ್.

ಬಂಡೆ ಮತ್ತ ಗುಂಡುಕಲ್ಲಿನ ಟಿಲ್: ಎರಡರ ಮ್ಯಾಲೂ ಅದ ಕಪ್ಪು ಕಲ್ಲುಹೂ ಬೆಳದಿರ್ತೈತಿ, ಬಣ್ಣದಾಗ ಫರಕ್ ಇಲ್ಲ. 2 ಮೀಟರ್ ಹಿಲ್‌ಶೇಡಿನಾಗ ಸೀಳು, ನೇರ ಅಂಚು, ಪದರಿನ ಗೆರಿ ಕಂಡ್ರ ಬಂಡೆ. ಯಾವ ದಿಕ್ಕೂ ಇಲ್ಲದ ಕರೇ ಹರವು ಇದ್ರ ಗುಂಡುಕಲ್ಲು. ಇಲ್ಲಿ ರಡಾರ್ ಸ್ವಲ್ಪ ಕೈ ಹಿಡೀತೈತಿ. ಸೆಂಟಿನೆಲ್-1ರ ಅಲೆ ಉದ್ದ 5.6 ಸೆಂ.ಮೀ. ಗುಂಡುಕಲ್ಲಿನ ಹರವು ಅದಕ್ಕ ಒರಟು, ಬೆಳ್ಳಗ ಬರ್ತೈತಿ. ಹಿಮ ಉಜ್ಜಿ ನುಣ್ಣಗ ಮಾಡಿದ ಬಂಡೆ ಮತ್ತ ಉಸುಕಿನ ದಂಡಿ ಕರ್ರಗ. ಒಂದ ದಿನದ ಚಿತ್ರ ನಂಬಬ್ಯಾಡ್ರಿ, ಜುಲೈ-ಆಗಸ್ಟಿನ ಒಂದೇ ಕಕ್ಷೆ ದಿಕ್ಕಿನವು ಹತ್ತಾರು ಕೂಡಿಸಿ ಸರಾಸರಿ ತಗೀರಿ, ಇಲ್ಲಾಂದ್ರ ಕಾಳುಕಾಳು ಬಿಟ್ಟು ಏನೂ ಕಾಣೂದಿಲ್ಲ. ಗಾಳಿ ಬಿಟ್ಟ ದಿನ ಸರೋವರ ಗುಂಡುಕಲ್ಲಿನಷ್ಟ ಬೆಳ್ಳಗ ಆಕ್ಕೈತಿ, ನೀರಿನ ಮಾಸ್ಕ್ ಆಪ್ಟಿಕಲ್ ಚಿತ್ರದಿಂದ್ಲೇ ಮಾಡ್ರಿ.

ಉಣಕಲ್ ದಂಡಿ, ಹುಬ್ಬಳ್ಳಿ

ಭಾಳ ಉಪಕಾರ ಆತ್ರಿ ಎಲ್ಲಾರಿಂದ. ಬಲಗಡೆ ಟೈಲೆಲ್ಲಾ ಬೇಸ್‌ಲೈನ್ 05.09, ಎಡಗಡೆವು 03.01. ಸಾವಿರ ಕಳದ ಮ್ಯಾಲೆ ಗೆರಿ ಹೋತು. 45 ಡಿಗ್ರಿಗೆ ಡ್ರಮ್ಲಿನ್ನೂ ಎದ್ದು ಬಂದ್ವು.

ಎರಡು ಉಳದಾವ. ಡ್ರಮ್ಲಿನ್ ಗೆರಿ ಎಳದಿದ್ದು ಆರ್ಕ್‌ಟಿಕ್‌ಡೆಮ್ ಬಂದಂಗ, ಇಪಿಎಸ್‌ಜಿ 3413 ಅನ್ನೋ ಧ್ರುವದ ನಕ್ಷೆ ಪ್ರೊಜೆಕ್ಷನ್ನಿನಾಗ. ದಿಕ್ಕಿನ ಗುಲಾಬಿ ಚಿತ್ರ (ಯಾವ ದಿಕ್ಕಿಗೆ ಎಷ್ಟು ಗೆರಿ ಅಂತ ತೋರ್ಸೋ ದುಂಡನ ಚಿತ್ರ) ತಗದ್ರ ಹಿಮ ಉತ್ತರ-ದಕ್ಷಿಣ ಹರದಂಗ ತೋರಸ್ತೈತಿ, ಹಳೇ ನಕ್ಷೆದಾಗ ವಾಯವ್ಯ ಐತಿ. ಇನ್ನೊಂದು, ದಪ್ಪ ಟಿಲ್ ಮತ್ತ ತೆಳು ಟಿಲ್ ನಡುವ ಗೆರಿ ಎಲ್ಲಿ ಎಳೀಬೇಕು? ದಪ್ಪ ಯಾವ ಸ್ಯಾಟಲೈಟ್‌ಗೂ ಕಾಣೂದಿಲ್ಲಲ್ಲ.

ಮಾಳಮಡ್ಡಿ, ಧಾರವಾಡ

ನಿಮ್ಮ ಗುಲಾಬಿ ಸರಿ ಅದ, ಉತ್ತರ ದಿಕ್ಕು ತಪ್ಪ್ಯದ. 3413ರ ನಡು ರೇಖಾಂಶ 45 ಡಿಗ್ರಿ ಪಶ್ಚಿಮ. ನೀವು ಇರೂದು 96ಕ್ಕ. ಪೋಲಾರ್ ಸ್ಟೀರಿಯೋಗ್ರಾಫಿಕ್‌ನಾಗ ಆ ಅಂತರ ಎಷ್ಟೋ ಅಷ್ಟ ಡಿಗ್ರಿ ನಿಜವಾದ ಉತ್ತರ ಗ್ರಿಡ್ ಉತ್ತರದಿಂದ ಬಲಕ್ಕ ತಿರಗಿರ್ತದ. ನಿಮ್ಮಲ್ಲಿ 51. ಗ್ರಿಡ್ಡಿನ ದಿಕ್ಕಿನಾಗ 51 ಕಳೀರಿ: 6 ಡಿಗ್ರಿ ಬಂದದ್ದು 315 ಆಗ್ತದ, ವಾಯವ್ಯ. ಬ್ಲಾಕಿನ ಅಂಚಿನಿಂದ ಅಂಚಿಗೆ ರೇಖಾಂಶ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚ ಬದಲಾಗ್ತದ, ಹಂಗಾಗಿ ಒಂದ ಅಂಕಿ ಎಲ್ಲಾಕಡೆ ಕಳದ್ರೂ ತಪ್ಪು ಡಿಗ್ರಿಯ ಒಳಗ. ಸುಲಭದ ದಾರಿ ಅಂದ್ರ ಗೆರಿಗಳನ್ನ ಯುಟಿಎಂ 14ಕ್ಕ ಹಾಕಿ ಅಲ್ಲೇ ದಿಕ್ಕು ತಗಿಯೂದು. ಹಿಲ್‌ಶೇಡಿಗೂ ಇದ ಮಾತು, ನಾ ಹೇಳಿದ 45 ಯುಟಿಎಂನ 45.

ಟಿಲ್ ದಪ್ಪ ನೇರ ಕಾಣೂದಿಲ್ಲ ಖರೆ. ರೂಢಿಯ ಗಡಿ ಸುಮಾರು 2 ಮೀಟರ್, ಅದನ್ನ ಅಳಿಯೂದು ಅಡಿಗಿನ ಬಂಡೆಯ ಗುರುತಿನಿಂದ. ಸೀಳು, ಪದರು, ಬಂಡೆ ಏಣು ಟಿಲ್ಲಿನ ಮ್ಯಾಲೂ ಮೂಡಿ ಕಾಣಸ್ತಿದ್ರ ತೆಳು. ಬಂಡೆಯ ಸುಳಿವ ಇಲ್ಲದ ಟಿಲ್ ತನ್ನದ ಆಕಾರ ತಾಳಿದ್ರ, ಅಂದ್ರ ಡ್ರಮ್ಲಿನ್, ಅಡ್ಡ ಏಣು, ಮೆತ್ತಗಿನ ಬಯಲು, ದಪ್ಪ. ಒಂದು ಪಾಲಿಗಾನಿನಾಗ ಬಂಡೆ ಅಲ್ಲಲ್ಲಿ ತಲಿ ಹಾಕಿದ್ರ ತೆಳು ಟಿಲ್ ಅಂತ ಬರದು ಬಂಡೆಯ ಚುಕ್ಕಿ ಚಿಹ್ನೆ ಹಾಕ್ರಿ, ಚೂರು ಚೂರು ಪಾಲಿಗಾನ್ ಮಾಡಬ್ಯಾಡ್ರಿ. 1:1,00,000ಕ್ಕ 5 × 5 ಮಿ.ಮೀ.ಗಿಂತ ಸಣ್ಣದು, ಅಂದ್ರ 25 ಹೆಕ್ಟೇರಿಗಿಂತ ಕಡಿಮಿ, ಪಕ್ಕದ್ದರಾಗ ಕೂಡಿಸ್ರಿ. ಎಸ್ಕರ್ ಮತ್ತ ದಂಡಿ ಅಷ್ಟ ಇದಕ್ಕ ಹೊರತು.

ಕೊಡೂ ಮುಂದ ಇನ್ನೊಂದು ಪದರ ಸೇರಸ್ರಿ: ಪ್ರತಿ ಪಿಕ್ಸೆಲ್ಲಿಗೆ 500 ಮರದಾಗ ಎಷ್ಟು ಮರ ಗೆದ್ದ ಕ್ಲಾಸಿಗೆ ಮತ ಹಾಕ್ಯಾವ, ಎರಡನೇದಕ್ಕ ಎಷ್ಟು. ಅಂತರ ಶೇ. 10ಕ್ಕಿಂತ ಕಡಿಮಿ ಇದ್ದಲ್ಲಿ ಗೆರಿ ತುಂಡು ತುಂಡು ಹಾಕ್ರಿ. ಮುಂದ ಹೆಲಿಕಾಪ್ಟರಿನಾಗ ಟಿಲ್ ಸ್ಯಾಂಪಲ್ ತಗಿಯಾಕ ಹೋಗೋರು ಮೊದಲ ಕೇಳೂದು ಅದ ಪದರ. ಬಂಗಾರ, ವಜ್ರ ಹುಡುಕೋರಿಗೆ ಟಿಲ್ ಸ್ಯಾಂಪಲ್ ಬೇಕು. ಅಲೆ ತೊಳದ ನೆಲಕ್ಕ ಟಿಲ್ ಅಂತ ಬಣ್ಣ ಹಚ್ಚಿದ್ರ, ಅವರ ಸ್ಯಾಂಪಲ್ಲಿನಾಗ ಸಣ್ಣ ಕಣ ತೊಳದುಹೋದ ಗರಸು ಅಷ್ಟ ಬರ್ತದ.